ಕೊಟ್ರೇಶಿಯ ಎಡಗೆನ್ನೆ

ನಮ್ಮೂರಿನ ಬೀದಿಯಲ್ಲಿ ಸುಮ್ಮನೆ ನಡೆದು ಹೋಗುತ್ತಿದ್ದವರು ತಟ್ಟನೆ ನಿಂತು, ಮೊಣಕೈ ಹಿಡಿದುಕೊಂಡು ಕಿಲಕಿಲ ನಕ್ಕರೆ ಯಾರೂ ತಿರುಗಿ ನೋಡುವುದಿಲ್ಲ. ಅವರಿಗೆ ಚರ್ಮ ಕೊಟ್ಟವರು ಎಲ್ಲೋ ಬಚ್ಚಲಲ್ಲಿ ಕೂತು ಮೈ ಉಜ್ಜಿಕೊಳ್ಳುತ್ತಿದ್ದಾರೆ ಎಂದು ಎಲ್ಲರಿಗೂ ಗೊತ್ತು. ನಮ್ಮ ಅಂಚೆಮಾಸ್ತರರ ಒಂದು ಅಂಗೈ ಅವರ ಭಾವಮೈದುನನದು. ಆತ ತಬಲಾ ಕಲಿಯಲು ಶುರುಮಾಡಿದಾಗಿನಿಂದ ಮಾಸ್ತರರಿಗೆ ಬೆಳಗಿನ ಹೊತ್ತು ಕೈ ಚುರುಗುಟ್ಟುತ್ತದೆ. ಕಾಗದಗಳ ಮೇಲೆ ಮುದ್ರೆ ಒತ್ತುವಾಗ ತಾಳ ತಪ್ಪದೆ ಒತ್ತುತ್ತಾರೆ. ಕೊಟ್ಟವರು ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಮುಂಚೆ ಪಡೆದವರ ಮನೆಗೆ ಒಂದು ಮಾತು ಹೇಳಿ ಕಳಿಸುವುದು ಇಲ್ಲಿ ಮರ್ಯಾದೆ. ಹೇಳದೆ ಚುಚ್ಚಿಸಿಕೊಂಡವರ ಮನೆಯ ಮದುವೆಗೆ ಜನ ಹೋಗದಿದ್ದದ್ದೂ ಉಂಟು.

ಸ್ವಂತ ಜೀವಕೋಶ ಸ್ವಂತ ಮೈಗೆ ಹತ್ತುವುದು ನಮ್ಮೂರಲ್ಲಿ ಇಲ್ಲ. ಬೇರೆ ಯಾರಾದರೂ ಕೊಡಲೇಬೇಕು. ಕೊಟ್ಟದ್ದು ಇನ್ನೊಬ್ಬರ ಮೈಮೇಲೆ ಬೆಳೆದರೂ ಕೊಟ್ಟವರದೇ ಆಗಿ ಉಳಿಯುತ್ತದೆ. ಹೀಗೇ ಬದುಕಿಕೊಂಡು ಬಂದಿದ್ದೇವೆ. ಆದರೆ ಮೆಣಸಿನಕಾಯಿ ಮಂಡಿಯ ಸರ್ವಮಂಗಳಮ್ಮನವರ ಚರ್ಮ ಮಿರ್ಚಿ ಕೊಟ್ರೇಶಿಯ ಕೆನ್ನೆಗೆ ಬಂದಾಗ ಆದದ್ದು ಮಾತ್ರ ಯಾರೂ ಎಣಿಸಿರದಂಥದ್ದು.

ಕೊಟ್ರೇಶಿಯ ಅಂಗಡಿ ನನ್ನ ಹೊಲಿಗೆ ಅಂಗಡಿಗೆ ಅಂಟಿಕೊಂಡೇ ಇದೆ. ಎದುರಿಗೆ ಮಂಡಿ. ಮಂಡಿಯ ಘಾಟಿಗೆ ಸೀನುತ್ತಾ ಬಂದವರು ಕೊಟ್ರೇಶಿಯ ಮಿರ್ಚಿ ತಿಂದು ಕಣ್ಣೊರೆಸಿಕೊಳ್ಳುತ್ತಾ ಹೋಗುವುದು ವಾಡಿಕೆ. ಒಂದು ದಿನ ಆತ ಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಟ್ಟ ಕಾಯಿಗಳಲ್ಲಿ ಒಂದರ ಹೊಟ್ಟೆಯಲ್ಲಿ ನೀರು ಉಳಿದಿತ್ತು. ಅದು ಪಟಾರನೆ ಸಿಡಿದು, ಕುದಿಯುವ ಎಣ್ಣೆ ಎಡಗೆನ್ನೆಯ ಮೇಲೆ ಬಿತ್ತು. ಅವನ ಹೆಂಡತಿ ಶಿವಲೀಲಾ ಕೂಗಿಕೊಂಡಳು. ನಾನು ಹೊಲಿಯುತ್ತಿದ್ದ ಜುಬ್ಬಾ ಬಿಟ್ಟು ಓಡಿದೆ. ಇಬ್ಬರೂ ಸೇರಿ ಅವನನ್ನು ಆಟೋದಲ್ಲಿ ಕೂರಿಸಿಕೊಂಡು ಹದದ ಮನೆಗೆ ಕರೆದುಕೊಂಡು ಹೋದೆವು.

ಹದದ ಮನೆ ಎಂದರೆ ಡಾಕ್ಟರ್ ವಾರಿಜಾ ಅವರ ಆಸ್ಪತ್ರೆ. ಬೋರ್ಡಿನ ಮೇಲೆ ಉದ್ದನೆಯ ಹೆಸರಿದೆ, ಯಾರೂ ಓದುವುದಿಲ್ಲ. ಒಳಗೆ ಬೆಚ್ಚನೆಯ ಪೆಟ್ಟಿಗೆಗಳಲ್ಲಿ ತಟ್ಟೆ ತಟ್ಟೆಯಾಗಿ ಚರ್ಮ, ಕಿವಿಯ ಮೃದ್ವಸ್ಥಿ, ಮೂಗಿನ ತುದಿ ಎಲ್ಲ ಹದಕ್ಕೆ ಬರುತ್ತಾ ಇರುತ್ತವೆ. ಡಾಕ್ಟರು ಗಾಯ ತೊಳೆದು, ನೋವಿಗೆ ಮದ್ದು ಕೊಟ್ಟು, "ಹೊಸ ಕೆನ್ನೆ ಮಾಡಬೇಕು. ಯಾರು ಕೊಡ್ತೀರಿ?" ಎಂದು ಕೇಳಿದರು.

ಮೊದಲು ಶಿವಲೀಲಾ ಕೊಟ್ಟಳು. ಅವಳ ಜೀವಕೋಶ ಕೊಟ್ರೇಶಿಯ ರಕ್ತದ ಹನಿಯ ಪಕ್ಕ ಇಟ್ಟ ಕೂಡಲೇ ಮುದುಡಿಕೊಂಡಿತು. "ಮದುವೆ ಆದಾಗಿನಿಂದ ಇವ್ರ ಜತೆ ನಾನು ಹೊಂದ್ಕಂಡಿಲ್ವ? ಅದಕ್ಕೇನು ಧಾಡಿ!" ಎಂದು ಆಕೆ ತಟ್ಟೆಯನ್ನೇ ಗದರಿಸಿದಳು. ಅವನ ಅಣ್ಣನದೂ ಆಗಲಿಲ್ಲ, ನನ್ನದೂ ಆಗಲಿಲ್ಲ. ಸುದ್ದಿ ಮಂಡಿಗೆ ಹೋಯಿತು. ಮಧ್ಯಾಹ್ನ ಸರ್ವಮಂಗಳಮ್ಮನವರೇ ಬಂದು ಕುರ್ಚಿ ಎಳೆದು ಕೂತರು. "ಅವನ ಬಾಣಲೆಗೆ ಕಾಯಿ ಕೊಟ್ಟೋಳು ನಾನು. ಸಿಡಿದದ್ದೂ ನನ್ನ ಕಾಯಿನೇ. ತಗೊಳ್ರಿ, ಎಲ್ಲಿ ಚಿವುಟ್ತೀರಿ ಚಿವುಟ್ರಿ" ಎಂದರು. ಕಿವಿಯ ಹಿಂದಿನಿಂದ ಚಿಟಿಕೆಯಷ್ಟು ತೆಗೆದರು. ಅದು ಕೊಟ್ರೇಶಿಯ ರಕ್ತದ ಪಕ್ಕ ತವರಿಗೆ ಬಂದ ಮಗಳ ಹಾಗೆ ಕಾಲು ಚಾಚಿ ಕೂತುಬಿಟ್ಟಿತು.

ಊರಿಗೆ ಊರೇ ನೆಮ್ಮದಿಪಟ್ಟಿತು. ಯಾಕೆಂದರೆ ಸರ್ವಮಂಗಳಮ್ಮನವರ ಮುಖ ಎಂದರೆ ಕಲ್ಲು. ಮಂಡಿಯಲ್ಲಿ ಅವರಷ್ಟು ಚೆನ್ನಾಗಿ ಕೊಳ್ಳುವವರಿಲ್ಲ. ಬೇಕಾದ ರಾಶಿಯ ಮುಂದೆಯೂ ಬೇಡದ ರಾಶಿಯ ಮುಂದೆಯೂ ಅವರ ಮುಖ ಒಂದೇ. ಗಂಡ ತೀರಿಕೊಂಡ ದಿನ ಕೂಡ ಆ ಮುಖದ ಮೇಲೆ ಒಂದು ಗೆರೆ ಅಲ್ಲಾಡಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. "ಪುಣ್ಯವಂತ ಕಣಲೇ ನೀನು. ಅಂಥೋರ ಕೆನ್ನೆ ಸಿಕ್ಕಿದ್ರೆ ಏನೂ ತಾಪತ್ರಯ ಇರಲ್ಲ. ಗೋಡೆ ಇದ್ದಂಗೆ ಇರ್ತತೆ" ಎಂದು ನಾನೇ ಕೊಟ್ರೇಶಿಗೆ ಹೇಳಿದ್ದೆ.

ಕೆನ್ನೆ ತಯಾರಾಗುವುದನ್ನು ಕೊಟ್ರೇಶಿ ಗಾಜಿನ ಆಚೆಯಿಂದ ಕೂತು ನೋಡಿದ. ಡಾಕ್ಟರು ರೇಷ್ಮೆಗೂಡಿನಿಂದ ತೆಗೆದ ಸತ್ವಕ್ಕೆ ಸಮುದ್ರಪಾಚಿಯ ಲೋಳೆ ಬೆರೆಸಿ ಅಂಟು ಮಾಡಿದರು. ಗುಲಾಬಿ ಬಣ್ಣದ ಸಾರಿನಲ್ಲಿ ಹಿಂಡು ಹಿಂಡಾಗಿ ಬೆಳೆದಿದ್ದ ಜೀವಕೋಶಗಳನ್ನು ಆ ಅಂಟಿನಲ್ಲಿ ಮೆಲ್ಲಗೆ ಕಲಸಿದರು. ಶಾವಿಗೆ ಒರಳಿನ ತಮ್ಮನಂತಿದ್ದ ಯಂತ್ರ ಅದನ್ನು ಸೂಜಿಯ ಬಾಯಿಂದ ಎಳೆ ಎಳೆಯಾಗಿ ಒತ್ತುತ್ತಾ, ಒಂದು ಸಾಲು ಉದ್ದ, ಒಂದು ಸಾಲು ಅಡ್ಡ ಹಾಕುತ್ತಾ ಹೋಯಿತು. ಮೇಲೆ ಸುಣ್ಣದ ತಿಳಿಯಂಥದ್ದನ್ನು ಚಿಮುಕಿಸಿದ ಕೂಡಲೇ ಎಳೆಗಳು ಬಿಗಿದು ನಿಂತವು. ಹಿಟ್ಟಿನ ವಿಷಯ ಬಂದರೆ ಕೊಟ್ರೇಶಿಗೆ ಸುಮ್ಮನಿರಲು ಆಗುವುದಿಲ್ಲ.

"ಡಾಕ್ಟ್ರೇ, ನೀರಾಗೈತೆ. ಇನ್ನೊಂಚೂರು ಗಟ್ಟಿ ಕಲಸ್ರಿ, ಚಂದಾಗಿ ನಿಲ್ತತೆ" ಎಂದ.

"ಗಟ್ಟಿ ಮಾಡಿದರೆ ಸೂಜಿಯಲ್ಲಿ ಒತ್ತೋ ಹೊತ್ತಿಗೆ ಒಳಗಿರೋ ಜೀವ ಎಲ್ಲ ಅಪ್ಪಚ್ಚಿ ಆಗುತ್ತೆ ಕೊಟ್ರೇಶಿ. ಇದು ಮಿರ್ಚಿ ಹಿಟ್ಟಲ್ಲ. ಇದರಲ್ಲಿರೋರು ಉಸಿರಾಡ್ತಾರೆ."

ಕೊಟ್ರೇಶಿ ನಾಲಿಗೆ ಕಚ್ಚಿಕೊಂಡು ತಟ್ಟೆಗೆ ಕೈ ಮುಗಿದ. ಆ ಮೊದಲ ಹಾಳೆ ಹೇಗೂ ಉಳಿಯಲಿಲ್ಲ. ಅಂಚಿನಲ್ಲಿದ್ದ ಜೀವಕೋಶಗಳು ಸಾರು ಕುಡಿದು ಬೆಳೆದವು. ನಡುವೆ ಇದ್ದವಕ್ಕೆ ಸಾರು ಮುಟ್ಟದೆ ಬಾಡಿಹೋದವು. ಡಾಕ್ಟರು ಬೇಸರ ಮಾಡಿಕೊಳ್ಳದೆ ಎರಡನೆಯದಕ್ಕೆ ಕೈ ಹಾಕಿದರು. ಈ ಸಲ ಪದರಗಳ ನಡುವೆ ಸಕ್ಕರೆಪಾಕದ ಸಣ್ಣ ಎಳೆಗಳನ್ನು ಹಾಯಿಸಿದರು. ಹಾಳೆ ಬಿಗಿದ ಮೇಲೆ ಸಕ್ಕರೆ ಕರಗಿ ಹೋಗಿ, ಅದಿದ್ದ ಜಾಗದಲ್ಲಿ ಕೂದಲಿನಂಥ ಕಾಲುವೆಗಳು ಉಳಿದವು. ಆ ಕಾಲುವೆಗಳಲ್ಲಿ ಸಾರು ಹರಿದು ನಡುವಿನವಕ್ಕೂ ಊಟ ಸಿಕ್ಕಿತು. ಆಮೇಲೆ ಹಾಳೆಯನ್ನು ಚೌಕಟ್ಟಿಗೆ ಸಿಕ್ಕಿಸಿ ದಿನಾ ಒಂದಿಷ್ಟು ಎಳೆದು ಬಿಡುತ್ತಿದ್ದರು. ಕೆನ್ನೆ ಎಂದ ಮೇಲೆ ಅಗಿಯುವುದು, ಮಾತಾಡುವುದು, ಆಕಳಿಸುವುದು ಎಲ್ಲ ಕಲಿಯಬೇಕಲ್ಲ.

ಹೊಸ ಕೆನ್ನೆ ಕೂತು, ಗಾಯ ಮಾಗಿ, ಕೊಟ್ರೇಶಿ ಮತ್ತೆ ಬಾಣಲೆಯ ಮುಂದೆ ನಿಂತ ಬೆಳಿಗ್ಗೆಯೇ ಗುಟ್ಟು ಬಯಲಾಯಿತು. ಎದುರಿನ ಮಂಡಿಯಲ್ಲಿ ಪಂಪಾಪತಿ ಎಂಬ ವ್ಯಾಪಾರಿ ಕಡುಗೆಂಪು ಕಾಯಿಯ ರಾಶಿ ಸುರಿದಿದ್ದ. ಸರ್ವಮಂಗಳಮ್ಮ ಅದರ ಮುಂದೆ ನಿಂತು, ಎಂದಿನ ಕಲ್ಲುಮುಖದಲ್ಲಿ, "ಇದೇನ್ ತಂದಿದೀಯ, ವಾಪಸ್ ತಗೊಂಡೋಗು" ಎಂದರು. ಇತ್ತ ಕೊಟ್ರೇಶಿಯ ಎಡಗೆನ್ನೆ ಬಿಸಿಯಾಗಿ, ಗುಲಾಬಿಯಾಗಿ, ನೋಡುತ್ತಿದ್ದಂತೆ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು. ಬಲಗೆನ್ನೆ ಎಂದಿನಂತೆಯೇ ಇತ್ತು. ಆ ಮಾತಿಗೆ ಮುಖ ಸಣ್ಣದು ಮಾಡಿಕೊಂಡು ಇತ್ತ ಬಂದು ಮಿರ್ಚಿ ತಿನ್ನುತ್ತಿದ್ದ ಪಂಪಾಪತಿ ಅದನ್ನು ಕಂಡ. ಅಗಿಯುವುದನ್ನು ನಿಲ್ಲಿಸಿದ. ಮಂಡಿಯ ಕಡೆ ಒಮ್ಮೆ, ಕೆನ್ನೆಯ ಕಡೆ ಒಮ್ಮೆ ನೋಡಿದ. ಹೋಗಿ ದರ ಒಂದಿಷ್ಟೂ ಇಳಿಸದೆ ಗಟ್ಟಿಯಾಗಿ ನಿಂತ. ಸರ್ವಮಂಗಳಮ್ಮ ಕೇಳಿದಷ್ಟು ಕೊಟ್ಟು ಕೊಂಡರು. ಆ ಗೋಡೆಯ ಹಿಂದೆ ಇಷ್ಟೊಂದು ಆಸೆ, ಇಷ್ಟೊಂದು ಕಸಿವಿಸಿ ಇತ್ತೆಂದು ಅಲ್ಲಿಯವರೆಗೆ ಯಾರಿಗೆ ಗೊತ್ತಿತ್ತು?

ಆಮೇಲೆ ಕೊಟ್ರೇಶಿಯ ಅಂಗಡಿಯ ಮುಂದೆ ನೂಕುನುಗ್ಗಲು. ಮಿರ್ಚಿ ತಿನ್ನುವ ನೆಪದಲ್ಲಿ ವ್ಯಾಪಾರಿಗಳೆಲ್ಲ ಅವನ ಎಡಗಡೆಯೇ ನಿಲ್ಲುತ್ತಿದ್ದರು. ಬಲಗಡೆಯ ಬೆಂಚು ಖಾಲಿ. ಹಿಟ್ಟು ಮುಗಿದರೂ ಹೋಗುತ್ತಿರಲಿಲ್ಲ. ಶಿವಲೀಲಾಗೆ ವ್ಯಾಪಾರದ ಖುಷಿ ಒಂದು ಕಡೆ, ಗಂಡನ ಮುಖವನ್ನು ಊರಿನವರೆಲ್ಲ ಹೀಗೆ ದಿಟ್ಟಿಸುವುದರ ಕಿರಿಕಿರಿ ಇನ್ನೊಂದು ಕಡೆ. "ನಾನೇ ಇಷ್ಟು ನೋಡಿರಲಿಲ್ಲ ಇವ್ರ ಮುಖನ" ಎನ್ನುತ್ತಿದ್ದಳು.

ಸರ್ವಮಂಗಳಮ್ಮನವರಿಗೆ ಗೊತ್ತಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಡಿಗೆ ಬಂದರು. ಮುಖದಲ್ಲಿ ಏನೂ ಇಲ್ಲ. ಕೊಟ್ರೇಶಿಯ ಕೆನ್ನೆ ಮಾತ್ರ ಕೆಂಡ.

"ಕೊಟ್ಟಿದ್ದನ್ನ ವಾಪಸ್ ಕೇಳೋ ಜಾತಿ ಅಲ್ಲ ನಾನು" ಎಂದರು. "ಆದ್ರೆ ಅದನ್ನ ಮುಚ್ಚು. ನಾನು ಬೀದೀಲಿ ಬಟ್ಟೆ ಇಲ್ದೆ ನಿಂತಂಗೆ ಆಗ್ತತೆ ಕಣಪ್ಪ."

ಕೊಟ್ರೇಶಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆವತ್ತೇ ನನ್ನ ಹತ್ತಿರ ಬಂದು ಮಫ್ಲರ್ ಹೊಲಿಸಿಕೊಂಡ. ಉರಿಬಿಸಿಲು, ಕುದಿಯುವ ಎಣ್ಣೆ, ಅದರ ಮುಂದೆ ಕಿವಿಯಿಂದ ಗದ್ದದವರೆಗೆ ಮಫ್ಲರ್. ಬೆವರು ಇಳಿದು ಕೆನ್ನೆ ಮೇಲೆ ಬೊಕ್ಕೆ ಎದ್ದವು. ಅತ್ತ ಸರ್ವಮಂಗಳಮ್ಮನವರಿಗೆ ತುರಿಕೆ ಶುರುವಾಗಲಿಲ್ಲ. ಅನುಭವ ಕೊಟ್ಟವರಿಂದ ಪಡೆದವರಿಗೆ ಹರಿಯುತ್ತದೆಯೇ ಹೊರತು ಇತ್ತಿಂದ ಅತ್ತ ಹೋಗುವುದಿಲ್ಲ. ಡಾಕ್ಟರು ನೋಡಿ ಬೈದು ಮಫ್ಲರ್ ಕಿತ್ತುಹಾಕಿಸಿದರು. ಆಗ ಕೊಟ್ರೇಶಿ ಒಲೆಯನ್ನೇ ತಿರುಗಿಸಿ, ಎಡಗೆನ್ನೆ ಗೋಡೆಗೆ ಬರುವಂತೆ ನಿಂತ. ವ್ಯಾಪಾರಿಗಳು ಗೋಡೆಗೆ ಒರಗಿ ನಿಂತರು. ಹೋಗಿ ಎಂದು ಹೇಗೆ ಹೇಳುವುದು? ಗಿರಾಕಿಗಳು.

ಆದರೆ ಊರಿನವರಿಗೆ ಕಾಣುತ್ತಿದ್ದದ್ದು ಬಣ್ಣ ಮಾತ್ರ. ಕೊಟ್ರೇಶಿಗೆ ಅದರ ಒಳಗಿನದೂ ತಿಳಿಯುತ್ತಿತ್ತು. ಒಂದು ಸಂಜೆ ಬಾಣಲೆ ಇಳಿಸಿದ ಮೇಲೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದ: "ಕೆಂಪಾಗೋದು ಆಸೆಗೆ, ಸಿಟ್ಟಿಗೆ. ಅದು ಸರಿ. ಆದ್ರೆ ಒಂದೊಂದ್ಸಲ ತಣ್ಣಗಾಗ್ತತೆ ಮಾರಾಯ. ಐಸ್ ಇಟ್ಟಂಗೆ. ಅವ್ರ ಮುಂದೆ ಚೀಲ ಸುರಿದಾಗೆಲ್ಲ ತಣ್ಣಗಾಗ್ತತೆ. ಆಮೇಲೆ ಒಂದು ಕಾಯಿ ಮುರಿದು ಮೂಸಿ ನೋಡ್ತಾರಲ್ಲ, ಆಗ ಮತ್ತೆ ಬೆಚ್ಚಗೆ. ಆಯಮ್ಮ ಯಾತಕ್ಕೋ ಹೆದರ್ತಾರೆ."

"ಸರ್ವಮಂಗಳಮ್ಮ? ಹೆದರೋದಾ?" ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಅವನಿಗೆ ಉತ್ತರ ಸಿಕ್ಕಿದ್ದು ಮುಂದಿನ ಸಂತೆಯ ದಿನ. ಪಂಪಾಪತಿ ಒಂದು ದೊಡ್ಡ ರಾಶಿ ಸುರಿದಿದ್ದ. ಮೇಲೆ ಚಂದದ ಕಾಯಿ. ಕೆಳಗೆಲ್ಲ ಬಣ್ಣ ಹೋಗಿ ಬಿಳಿಚಿಕೊಂಡವು. ನಾನು ಕೂತಲ್ಲಿಂದಲೇ ಕಾಣುತ್ತಿತ್ತು, ಬುಡದಲ್ಲಿ ಒಣಹುಲ್ಲಿನ ಬಣ್ಣ. ಸರ್ವಮಂಗಳಮ್ಮ ಬಂದರು. ಬಗ್ಗಿ ನೋಡಿದರು. ಮೇಲಿನದೊಂದು ಕಾಯಿ ಮುರಿದು ಮೂಸಿದರು. ಕೊಟ್ರೇಶಿ ಕೆನ್ನೆಗೆ ಕೈ ಇಟ್ಟುಕೊಂಡ. ಕೆನ್ನೆ ಬೆಚ್ಚಗಿತ್ತು. ಅನುಮಾನವಿಲ್ಲ, ಸಿಟ್ಟಿಲ್ಲ. ಅಷ್ಟು ದೊಡ್ಡ ಮೋಸ ಮುಂದೆಯೇ ಬಿದ್ದಿದೆ, ಕೆನ್ನೆಗೆ ಏನೂ ಗೊತ್ತಿಲ್ಲ. ಸರ್ವಮಂಗಳಮ್ಮನವರು ದರಕ್ಕೆ ಒಪ್ಪಿದೆ ಎನ್ನುವಂತೆ ಕೈ ಎತ್ತುತ್ತಿದ್ದರು.

ಕೊಟ್ರೇಶಿ ಜಾಲರಿ ಸೌಟನ್ನು ಬಾಣಲೆಗೆ ಢಣಢಣ ಬಡಿದು ಕೂಗಿದ. "ಸರ್ವಮಂಗಳಮ್ಮನೋರೇ! ಬರ್ರಿ ಇಲ್ಲಿ! ಅಯ್ಯೋ, ನಿಮ್ ಕೆನ್ನೆಗೆ ಏನೋ ಆಗೈತೆ! ಓಡಿ ಬರ್ರಿ!"

ಮಂಡಿಯೇ ತಿರುಗಿ ನೋಡಿತು. ಎತ್ತಿದ ಕೈ ಇಳಿಸಿ ಅವರು ರಸ್ತೆ ದಾಟಿ ಬಂದರು. ಬರುವಾಗ ಹೊಸ್ತಿಲು ಎಡವಿದರು. ಕೊಟ್ರೇಶಿ ಅವರನ್ನು ಹಿಟ್ಟು, ಕಡಲೆ ಚೀಲಗಳಿದ್ದ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಶಿವಲೀಲಾ ಮೊರದಲ್ಲಿ ಬೇಳೆ ಕೇರುತ್ತಿದ್ದಳು. ನನ್ನ ಅಂಗಡಿಗೂ ಆ ಕೋಣೆಗೂ ನಡುವೆ ಬರೀ ಹಲಗೆ, ಮಾತೂ ಕೇಳುತ್ತದೆ, ಸಂದಿಯಿಂದ ಕಾಣುತ್ತದೆ ಕೂಡ.

"ಏನಾಗೈತೆ ಕೆನ್ನೆಗೆ?"

"ಕೆನ್ನೆಗೇನೂ ಆಗಿಲ್ಲ ಅಮ್ಮ. ರಾಶಿ ಬುಡದಾಗೆ ಬಿಳಿ ಕಾಯಿ ಐತೆ. ನಿಮಗೆ ಕಾಣ್ಲಿಲ್ಲ."

ಆಮೇಲೆ ಕೊಟ್ರೇಶಿ ಹೇಳಿದ್ದು, ಆ ಹೊತ್ತಿನಲ್ಲಿ ಕೆನ್ನೆ ಮೊದಲು ಉರಿಯಿತಂತೆ, ಆಮೇಲೆ ಹಿಮದ ಹಾಗೆ ತಣ್ಣಗಾಯಿತಂತೆ, ಕಡೆಗೆ ಸಣ್ಣಗೆ ನಡುಗತೊಡಗಿತಂತೆ. ಎದುರಿಗಿದ್ದ ಮುಖದಲ್ಲಿ ಮಾತ್ರ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಯಾರಿಗಾದ್ರೂ ಹೇಳಿದೀಯ?" ಎಂದು ಕೇಳಿದರು.

"ಯಾರಿಗೂ ಇಲ್ಲ."

"ಮಂಜು ಕವಿದಂಗೆ ಐತೆ ಕಣಪ್ಪ. ಹೋದ ವರ್ಷದಿಂದ. ಜೀವನ ಎಲ್ಲ ಮೆಣಸಿನಕಾಯಿ ಧೂಳು ಕುಡಿದಾವಲ್ಲ ಕಣ್ಣು. ಕೆಂಪಿಗೂ ಕಂದಿಗೂ ವ್ಯತ್ಯಾಸ ಗೊತ್ತಾಗಲ್ಲ. ಮೂಗಿನ ಮೇಲೆ ನಡೆಸ್ತಿದೀನಿ." ಮಂಡಿಯ ಕಡೆ ಕೈ ತೋರಿಸಿ ಅಂದರು: "ಆ ಜನಕ್ಕೆ ಗೊತ್ತಾದ್ರೆ ನಾಳೆಯಿಂದ ನನಗೆ ಹುಲ್ಲು ಮಾರ್ತಾರೆ. ಮನೇಲಿ ಕೂತ್ಕಂಡು ನಾನೇನ್ ಮಾಡ್ಲಿ? ನನಗೆ ಬರೋದು ಇದೊಂದೇ."

"ವಾರಿಜಾ ಡಾಕ್ಟ್ರು ಕಣ್ಣಿನ ಗಾಜು, ಪಾಪೆ ಮೇಲಿನ ತಿಳಿ ಪೊರೆನೂ ಮಾಡ್ತಾರಂತಲ್ಲ."

"ಮಾಡ್ತಾರೆ. ಯಾರಾದ್ರೂ ಕೊಡ್ಬೇಕಲ್ಲ. ಯಾರನ್ನ ಕೇಳ್ಲಿ? ಕೇಳಿದ್ರೆ ಊರಿಗೆ ಗೊತ್ತಾಗ್ತತೆ."

"ನನ್ನ ಕೇಳ್ರಿ" ಎಂದ ಕೊಟ್ರೇಶಿ. "ನಿಮ್ದು ನಂಗೆ ಹೊಂದೈತೆ ಅಂದ್ರೆ ನಂದೂ ನಿಮಗೆ ಹೊಂದ್ಬಹುದು."

ಮೊರ ನೆಲಕ್ಕೆ ಬಿದ್ದ ಸದ್ದು ನನಗೂ ಕೇಳಿಸಿತು. ಶಿವಲೀಲಾ. "ಕೆನ್ನೆ ಹೋಯ್ತು, ಈಗ ಕಣ್ಣಾ? ಇವರೇನು ಬಿಡಿ ಭಾಗದ ಅಂಗಡಿನಾ?" ಎಂದಳು. ಸರ್ವಮಂಗಳಮ್ಮ ಎದ್ದು ನಿಂತರು. "ಬೇಡಪ್ಪ. ನಿನ್ನ ಹೆಂಡ್ತಿ ಹೇಳೋದು ಸರಿ ಐತೆ. ನಾನು ಕೆನ್ನೆ ಕೊಟ್ಟಿದ್ದು ವಾಪಸ್ ಏನೋ ಸಿಗ್ತತೆ ಅಂತ ಅಲ್ಲ." ಹೊರಟವರು ಬಾಗಿಲು ಎಂದುಕೊಂಡು ಗೋಡೆಗೆ ಕೈ ಹಾಕಿದರು. ತಡವಿದರು. ಬಾಗಿಲು ಒಂದು ಮೊಳ ಆಚೆಗಿತ್ತು. ಶಿವಲೀಲಾ ಅದನ್ನು ನೋಡಿದಳು, ಗಂಡನ ಕೆನ್ನೆಯನ್ನೂ ನೋಡಿದಳು. ಅದು ಬಿಳಿಚಿಕೊಂಡು ನಡುಗುತ್ತಿತ್ತು. ಅವಳು ಹೋಗಿ ಆ ಕೈ ಹಿಡಿದುಕೊಂಡಳು.

"ಕೂತ್ಕಳ್ರಿ ಅತ್ತೆ" ಎಂದಳು. ಆವರೆಗೆ ಅವಳು ಅವರನ್ನು ಹಾಗೆ ಕರೆದಿರಲಿಲ್ಲ. "ಡಾಕ್ಟ್ರ ಹತ್ರ ನಾನೇ ಹೋಗಿ ಕೇಳ್ತೀನಿ. ಇವ್ರ ಕಣ್ಣಿಗೆ ಏನೂ ಆಗಲ್ಲ ಅಂದ್ರೆ ಮಾತ್ರ. ಏನಾದ್ರೂ ಆಗ್ತತೆ ಅಂದ್ರೆ ನಾನೇ ನಿಮ್ಮ ಕಣ್ಣಾಗಿ ಮಂಡೀಲಿ ನಿಂತ್ಕಂತೀನಿ."

ಡಾಕ್ಟರು ಧೈರ್ಯ ಹೇಳಿದರು. ಕಣ್ಣಿನ ಅಂಚಿನಿಂದ ಅಕ್ಕಿನುಚ್ಚಿನಷ್ಟು ತೆಗೆದರೆ ಸಾಕು, ಆ ಜಾಗ ತಾನೇ ತುಂಬಿಕೊಳ್ಳುತ್ತದೆ ಎಂದರು. ಕಷ್ಟ ಇದ್ದದ್ದು ಮುಂದಿನ ಕೆಲಸದಲ್ಲಿ. ಚರ್ಮಕ್ಕೆ ಎಳೆಗಳು ಹೆಣೆದುಕೊಂಡರೆ ಗಟ್ಟಿ. ಕಣ್ಣಿನ ಗಾಜಿಗೆ ಎಳೆಗಳು ಬಾಚಿದ ಕೂದಲಿನಂತೆ ಒಂದರ ಪಕ್ಕ ಒಂದು ಮಲಗಬೇಕು. ಒಂದು ಸಿಕ್ಕಾದರೂ ಆ ಪೊರೆಯ ಬಿಲ್ಲೆ ಹಾಲಿನಂತೆ ಬೆಳ್ಳಗಾಗುತ್ತದೆ. ವಾರಿಜಾ ಅವರು ಎಷ್ಟೋ ಬಿಲ್ಲೆಗಳನ್ನು ಮಾಡಿ ಮಾಡಿ ಎಸೆದರು. ಕೊಟ್ರೇಶಿ ಈ ಸಲ ಸಲಹೆ ಕೊಡಲು ಬಾಯಿ ತೆರೆದು, ಡಾಕ್ಟರ ಮುಖ ನೋಡಿ ಮುಚ್ಚಿಕೊಂಡ. ಕಡೆಗೂ ಒಂದು ಜೋಡಿ ಬಿಲ್ಲೆ, ಸಾರಿನಲ್ಲಿ ಮುಳುಗಿಸಿದರೆ ಎಲ್ಲಿದೆ ಎಂದೇ ಕಾಣದಷ್ಟು ತಿಳಿಯಾಗಿ ಬಂತು. ಸರ್ವಮಂಗಳಮ್ಮ ಕಾಶಿಗೆ ಹೋಗಿದ್ದಾರೆ ಎಂದು ಶಿವಲೀಲಾ ಮಂಡಿಯಲ್ಲಿ ಸುದ್ದಿ ಹಬ್ಬಿಸಿದಳು. ಪಂಪಾಪತಿ ಗಂಗಾಜಲ ಬೇಕೆಂದು ಹೇಳಿ ಕಳಿಸಿದ.

ಪಟ್ಟಿ ಬಿಚ್ಚುವ ದಿನ ಶಿವಲೀಲಾ ಆಸ್ಪತ್ರೆಯಲ್ಲಿದ್ದಳು. ಅಂಗಡಿ ಬಿಟ್ಟು ಬರಲಾಗದ ಕೊಟ್ರೇಶಿ ಚಡಪಡಿಸುತ್ತಾ, ಕೈಗೆ ಕೆಲಸ ಇರಲೆಂದು ಈರುಳ್ಳಿ ಹೆಚ್ಚಲು ಕೂತ. ಅತ್ತ ಡಾಕ್ಟರು ಪಟ್ಟಿ ತೆಗೆದರು. ಸರ್ವಮಂಗಳಮ್ಮ ಕಣ್ಣು ಬಿಟ್ಟ ಕೂಡಲೇ ಎರಡೂ ಕಣ್ಣಿನಿಂದ ನೀರು ಧಾರಾಕಾರ. ಡಾಕ್ಟರು ಗಾಬರಿಯಾದರು. ನಂಜಾಯಿತೇ, ಬಿಲ್ಲೆ ಒಡೆಯಿತೇ ಎಂದು ಟಾರ್ಚ್ ಹಿಡಿದು ನೋಡಿದರೆ ಎಲ್ಲ ಸರಿಯಿದೆ. ಶಿವಲೀಲಾಗೆ ತಟ್ಟನೆ ಹೊಳೆಯಿತು. ಹದದ ಮನೆಯ ಫೋನಿನಿಂದ ನನ್ನ ಅಂಗಡಿಗೆ ಫೋನ್ ಮಾಡಿ, "ಈರುಳ್ಳಿ ಕೆಳಗಿಡಕ್ಕೆ ಹೇಳ್ರಿ ಅವ್ರಿಗೆ!" ಎಂದು ಕೂಗಿದಳು. ಕೊಟ್ರೇಶಿ ಚಾಕು ಕೆಳಗಿಟ್ಟು ಕಣ್ಣು ತೊಳೆದುಕೊಂಡ. ಅಲ್ಲಿ ಧಾರೆ ನಿಂತಿತು. ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು ಮೊದಲು ನೋಡಿದ್ದು ಶಿವಲೀಲಾಳ ಸೀರೆಯನ್ನಂತೆ. "ಇದು ಕೆಂಪಲ್ಲ. ಕುಂಕುಮದ ಬಣ್ಣ. ಅಂಚಿಗೆ ಒಂಚೂರು ಕಂದು" ಎಂದರಂತೆ. ಹೇಳುತ್ತಾ ಆ ಬಣ್ಣವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರಂತೆ. ಇತ್ತ ನಮ್ಮ ಕೊಟ್ರೇಶಿಯ ಕೆನ್ನೆ ಒಲೆ ಹೊತ್ತಿಸದೆಯೇ ಬೆಚ್ಚಗಾಗಿ, ಸಂಜೆಯ ತನಕ ಹಾಗೆಯೇ ಇತ್ತು.

ಕಾಶಿಯಿಂದ ಬಂದವರು ಮಂಡಿಗೆ ಇಳಿದ ದಿನ ಕೊಟ್ರೇಶಿ ಎಡಗೆನ್ನೆ ಮಂಡಿಗೆ ಕಾಣುವಂತೆ ಒಲೆಯನ್ನು ಮತ್ತೆ ತಿರುಗಿಸಿಕೊಂಡಿದ್ದ, ವ್ಯಾಪಾರಿಗಳೆಲ್ಲ ಅವನ ಎಡಗಡೆ ಜಾಗ ಹಿಡಿದಿದ್ದರು. ಪಂಪಾಪತಿ ರಾಶಿ ಸುರಿದ. ಸರ್ವಮಂಗಳಮ್ಮ ಎದುರು ನಿಂತರು. ಕೆನ್ನೆ ಕೆಂಪಾಯಿತು. ಪಂಪಾಪತಿಯ ಮುಖ ಅರಳಿತು. ಅಷ್ಟರಲ್ಲಿ ಕೊಟ್ರೇಶಿ ಮಂಡಕ್ಕಿಗೆಂದು ಈರುಳ್ಳಿ ಹೆಚ್ಚತೊಡಗಿದ. ಅಲ್ಲಿ ಸರ್ವಮಂಗಳಮ್ಮನವರ ಕಣ್ಣಿನಿಂದ ಬಳಬಳ ನೀರು. ಗಂಡ ತೀರಿಕೊಂಡಾಗಲೂ ಅಳದವರು ಮೆಣಸಿನಕಾಯಿ ರಾಶಿಯ ಮುಂದೆ ನಿಂತು ಅಳುತ್ತಿದ್ದಾರೆ!

"ಯಾಕಮ್ಮ... ಏನಾಯ್ತು?" ಪಂಪಾಪತಿಯ ದನಿಯೇ ಇಳಿದುಹೋಯಿತು.

"ಏನಿಲ್ಲಪ್ಪ. ಬುಡದಾಗಿನ ಬಿಳಿ ಕಾಯಿ ನೋಡಿ ಹೊಟ್ಟೆ ಉರೀತು" ಎಂದು ಸರ್ವಮಂಗಳಮ್ಮ ಕೋಲಿನಿಂದ ರಾಶಿಯ ಬುಡ ಕೆದಕಿದರು. ಬಿಳಿಚಿದ ಕಾಯಿಗಳು ಜರಜರ ಉರುಳಿ ಹೊರಗೆ ಬಿದ್ದವು. ಸುತ್ತ ನಿಂತವರೆಲ್ಲ ಪಂಪಾಪತಿಯತ್ತ ನೋಡಿದರು. ಅವನು ಕೊಟ್ರೇಶಿಯ ಕೆನ್ನೆ ನೋಡಿದ: ಕೆಂಪು. ಅವರ ಕಣ್ಣು ನೋಡಿದ: ನೀರು. ಬಾಯಿ ನೋಡಿದ: ಕಲ್ಲು. ಸಿಟ್ಟೋ, ಆಸೆಯೋ, ದುಃಖವೋ, ಕಾಶಿಯಲ್ಲಿ ವೈರಾಗ್ಯ ಬಂತೋ, ಯಾವುದನ್ನು ನಂಬುವುದು? ಅವನು ತಾನೇ ದರ ಇಳಿಸಿದ, ಬಿಳಿ ಕಾಯಿ ಬೇರೆ ಮಾಡಿಕೊಡುವುದಾಗಿಯೂ ಒಪ್ಪಿದ, ಕಡೆಗೆ ಅವರಿಗೆ ಕೂರಲು ಮಣೆಯನ್ನೂ ತಂದುಕೊಟ್ಟ.

ವ್ಯಾಪಾರ ಮುಗಿಸಿ ಸರ್ವಮಂಗಳಮ್ಮ ತಮ್ಮ ಗೋದಾಮಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇತ್ತ ಕೊಟ್ರೇಶಿ ಗಂಭೀರವಾಗಿ ಎಣ್ಣೆ ಸೋಸುತ್ತಿದ್ದ. ಶಿವಲೀಲಾ ಅವನ ಮುಖ ನೋಡಿದವಳು ನೋಡುತ್ತಲೇ ನಿಂತಳು. ನನ್ನನ್ನೂ ಕರೆದು ತೋರಿಸಿದಳು. ಅವನ ತುಟಿ ಎಲ್ಲಿದ್ದವೋ ಅಲ್ಲಿಯೇ ಇದ್ದವು, ಅವನಿಗೆ ನಗುವಂಥದ್ದು ಏನೂ ಆಗಿರಲಿಲ್ಲ. ಆದರೆ ಎಡಗೆನ್ನೆಯ ನಟ್ಟನಡುವೆ ಒಂದು ಗುಳಿ ಬಿದ್ದಿತ್ತು. ಆಳವಾದ, ಚಂದದ ಗುಳಿ. ಒಂದು ಸಲ ಮಾಯವಾಗಿ ಮತ್ತೆ ಬಿತ್ತು. ಆಮೇಲೆ ಬಿಟ್ಟು ಬಿಟ್ಟು, ತಡೆಯಲಾರದವರ ಹಾಗೆ ಬೀಳುತ್ತಲೇ ಹೋಯಿತು.

"ಅತ್ತೆಗೆ ಗುಳಿ ಬೀಳ್ತತೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಶಿವಲೀಲಾ ಪಿಸುಗುಟ್ಟಿದಳು.

ಯಾರಿಗೂ ಗೊತ್ತಿರಲಿಲ್ಲ. ನಾವು ಮೂವರೂ ಬಾಣಲೆಯ ಸುತ್ತ ನಿಂತು, ಕೊಟ್ರೇಶಿ ಎಣ್ಣೆಯಲ್ಲಿ ಬಿದ್ದ ತನ್ನ ನೆರಳಿನಲ್ಲಿ, ನಾವಿಬ್ಬರು ಅವನ ಮುಖದಲ್ಲಿ, ಅದು ನಿಲ್ಲುವವರೆಗೂ ನೋಡುತ್ತಿದ್ದೆವು.